ಲ್ಯಾಮಿನೇಟರ್ ಎಕ್ಸಾಸ್ಟ್‌ಗೆ ಕಾರ್ಬನ್ ಬೆಡ್ ಹಾಕಿದ್ರೆ ಈಥೈಲ್ ಅಸಿಟೇಟ್ ನಿಜವಾಗ್ಲೂ ವಾಪಸ್ ಬರುತ್ತಾ?

ಪ್ರೆಸ್‌ಲೈನ್:
ಎಲ್ರಿಗೂ ನಮಸ್ಕಾರ. ಬೆಂಗಳೂರು ಹೊರಗಡೆ ಒಂದು ಪ್ಯಾಕೇಜಿಂಗ್ ಫ್ಯಾಕ್ಟರಿಲಿ ಮೆಂಟೆನೆನ್ಸ್ ನೋಡ್ಕೋತೀನಿ. ಚಿಪ್ಸು, ಬಿಸ್ಕತ್ತು, ಮಸಾಲೆ ಪುಡಿ ಪೌಚ್‌ಗೆ ಫಿಲ್ಮ್ ಪ್ರಿಂಟ್ ಮಾಡ್ತೀವಿ. ಎರಡು ಗ್ರಾವ್ಯೂರ್ ಮೆಷಿನ್ (ಕೆತ್ತಿದ ಸಿಲಿಂಡರ್‌ನಿಂದ ಪ್ರಿಂಟ್ ಮಾಡೋ ಪ್ರೆಸ್), ಒಂದು ಸಾಲ್ವೆಂಟ್ ಲ್ಯಾಮಿನೇಟರ್ (ಸಾಲ್ವೆಂಟ್, ಅಂದ್ರೆ ಬೇಗ ಆರೋ ದ್ರಾವಕದಲ್ಲಿ ಕರಗಿಸಿದ ಅಂಟಿನಿಂದ ಫಿಲ್ಮ್ ಪದರ ಅಂಟಿಸೋ ಮೆಷಿನ್) ಇದೆ, ಡ್ರೈಯರ್ ಗಾಳಿ ಎಲ್ಲಾ ಈಗ ನೇರ ಚಿಮಣಿಗೆ ಹೋಗ್ತಿದೆ. ಪಕ್ಕದ ಲೇಔಟ್‌ನವ್ರು ವಾಸನೆ ಅಂತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಂಪ್ಲೇಂಟ್ ಕೊಟ್ಟಿದ್ದಾರೆ, ಅವರು ಹೇಳೋದ್ರಲ್ಲಿ ಸುಳ್ಳಿಲ್ಲ, ಸಂಜೆ ಗಾಳಿ ಆ ಕಡೆ ತಿರುಗಿದ್ರೆ ನೇಲ್ ಪಾಲಿಶ್ ರಿಮೂವರ್ ವಾಸನೆ ಅವ್ರ ಅಡುಗೆಮನೆ ತನಕ ಹೋಗುತ್ತೆ.

ಒಬ್ಬ ಸಪ್ಲೈಯರ್ ಬಂದು ಎರಡು ಕಾರ್ಬನ್ ಬೆಡ್ (ಸಾಲ್ವೆಂಟ್ ಆವಿ ಹೀರೋ ಇದ್ದಿಲಿನ ಹಾಸು), ಸ್ಟೀಮ್ ರೀಜನರೇಶನ್ (ಹೀರಿದ್ದನ್ನ ಸ್ಟೀಮ್ ಕೊಟ್ಟು ಬಿಡಿಸೋದು), 98 ಪರ್ಸೆಂಟ್ ರಿಕವರಿ ಅಂತ ಹೇಳಿ ಹೋಗಿದ್ದಾನೆ. ಮಾಲೀಕ್ರಿಗೆ ಇಂಟ್ರೆಸ್ಟ್ ಬಂದಿದೆ, ಸಾಲ್ವೆಂಟ್ ಬ್ಯಾರಲ್ ಲೆಕ್ಕದಲ್ಲಿ ತರಿಸ್ತೀವಲ್ಲ, ಅದು ಗಾಳಿಗೆ ಹೋಗೋದು ಯಾರಿಗೆ ತಾನೆ ಇಷ್ಟ. ಲ್ಯಾಮಿನೇಟರ್ ಎಕ್ಸಾಸ್ಟ್ ಗಂಟೆಗೆ ಸುಮಾರು 10,000 ಘನ ಮೀಟರ್, ಅದ್ರಲ್ಲಿ ಘನ ಮೀಟರ್‌ಗೆ 5 ಗ್ರಾಂ ಹತ್ರ ಈಥೈಲ್ ಅಸಿಟೇಟ್. ಪ್ರಿಂಟಿಂಗ್ ಕಡೆ ಈಥೈಲ್ ಅಸಿಟೇಟ್ ಜೊತೆ ಪ್ರೊಪೈಲ್ ಅಸಿಟೇಟ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಕೆಲವು ಜಾಬ್‌ಗೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್). ಟೊಲುಯೀನ್ ನಿಲ್ಸಿದ್ದೀವಿ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ, ನನಗೆ ಬಾಯ್ಲರ್ ಕಂಪ್ರೆಸರ್ ಗೊತ್ತು, ಇದು ಹೊಸದು.

ಸ್ಟ್ಯಾಕ್ ಸ್ಯಾಂಪಲ್:
ಸರ್, ನಾನು ಚಿಮಣಿ ಸ್ಯಾಂಪಲ್ ತೆಗೆಯೋ ಲ್ಯಾಬ್‌ನಲ್ಲಿ ಇರೋದು. ಮೊದ್ಲು ಆ 98 ಪರ್ಸೆಂಟ್ ಯಾವುದರ 98 ಅಂತ ಕೇಳಿ. ಬೆಡ್ ಬಾಗಿಲಿಗೆ ಬಂದಿದ್ದರಲ್ಲಿ 98 ಹಿಡಿಯೋದು ಕಷ್ಟ ಏನಲ್ಲ, ಹೊಸ ಕಾರ್ಬನ್ ಯಾವುದಾದ್ರೂ ಹಿಡಿಯುತ್ತೆ. ಆದ್ರೆ ನೀವು ತರಿಸಿದ 100 ಕೆಜಿಲಿ ಡ್ರೈಯರ್ ಡಕ್ಟ್‌ಗೆ 70 ಕೆಜಿ ಮಾತ್ರ ಹೋಗ್ತಾ ಇದ್ರೆ ಕೈಗೆ ಬರೋದು 68 ಚಿಲ್ಲರೆ, ಬಾಕಿ 30 ಶೆಡ್‌ನಲ್ಲೇ ಎದ್ದು ಕಿಟಕಿ ರೋಲಿಂಗ್ ಶಟರ್ ಎಕ್ಸಾಸ್ಟ್ ಫ್ಯಾನ್ ಅಂತ ಹೊರಗೆ ಹೋಗಿರುತ್ತೆ. ಅದು ಯಾವ ಚಿಮಣಿ ರಿಪೋರ್ಟ್‌ಲೂ ಬರಲ್ಲ, ಪಕ್ಕದ ಲೇಔಟ್‌ಗೆ ಮಾತ್ರ ಬರುತ್ತೆ.

ಆದ್ದರಿಂದ ಕೊಟೇಶನ್ ಆಚೆ ಇಟ್ಟು ಮೊದ್ಲು ತಿಂಗಳ ಲೆಕ್ಕ ಬರೀರಿ. ಸ್ಟೋರ್‌ನಿಂದ ಎಷ್ಟು ಕೆಜಿ ಇಶ್ಯೂ ಆಯ್ತು, ಇಂಕ್ ಮತ್ತು ಅಡ್ಹೆಸಿವ್ ಒಳಗೇ ಎಷ್ಟು ಬಂತು (ಇದನ್ನ ಬಹಳ ಜನ ಮರೀತಾರೆ), ವೇಸ್ಟ್ ಇಂಕ್ ಡ್ರಮ್‌ನಲ್ಲಿ ಎಷ್ಟು ಹೊರಗೆ ಹೋಯ್ತು. ಉಳಿದಿದ್ದೆಲ್ಲಾ ಗಾಳಿಗೇ ಹೋಗಿದೆ, ಬೇರೆ ದಾರಿ ಇಲ್ಲ. ಅದ್ರಲ್ಲಿ ಡಕ್ಟ್‌ನಲ್ಲಿ ಅಳತೆ ಮಾಡಿದ್ದು ಕಳೆದ್ರೆ ಶೆಡ್‌ನಿಂದ ಸೋರಿದ್ದು ಸಿಗುತ್ತೆ.

ಇನ್ನೊಂದು, ಖರ್ಚಿಲ್ಲದ ಕೆಲ್ಸ. ತೆಳ್ಳನೆ ಟಿಶ್ಯೂ ಪೇಪರ್‌ನ ಬೆರಳಗಲ ಪಟ್ಟಿ ಹರ್ಕೊಂಡು, ಮೆಷಿನ್ ಓಡ್ತಿರೋವಾಗ ಡ್ರೈಯರ್‌ಗೆ ಫಿಲ್ಮ್ ಒಳಗೆ ಹೋಗೋ ಸೀಳು, ಹೊರಗೆ ಬರೋ ಸೀಳು ಎರಡೂ ಕಡೆ ರೋಲರ್‌ಗೆ ತಾಗದ ಹಾಗೆ ಹಿಡೀರಿ. ಪಟ್ಟಿ ಒಳಕ್ಕೆ ವಾಲಿದ್ರೆ ಡ್ರೈಯರ್ ನೆಗೆಟಿವ್‌ನಲ್ಲಿದೆ, ಅಂದ್ರೆ ಗಾಳಿನ ಒಳಕ್ಕೇ ಎಳ್ಕೊತಿದೆ. ಹೊರಕ್ಕೆ ಹಾರಿದ್ರೆ ಸಪ್ಲೈ ಬ್ಲೋವರ್ ಜಾಸ್ತಿ, ಎಕ್ಸಾಸ್ಟ್ ಕಮ್ಮಿ, ಸಾಲ್ವೆಂಟ್ ಆಪರೇಟರ್ ಮುಖಕ್ಕೆ ಬರ್ತಿದೆ ಅಂತ ಅರ್ಥ. ಮುಚ್ಚಳ ಇಲ್ಲದ ಇಂಕ್ ಟ್ರೇ, ಬಾಯಿ ತೆಗೆದ ಬಕೆಟ್, ಒರೆಸೋ ಬಟ್ಟೆ ರಾಶಿ ಇವನ್ನೂ ನೋಡಿ.

ಬಾಯ್ಲರ್ ಮನೆ:
ಮೇಡಂ ಹೇಳಿದ್ದು ಸರಿ. ನಾನು ಬೆಡ್ ಸೈಜ್ ಕಡೆಯಿಂದ ಬರ್ತೀನಿ, ಲೆಕ್ಕ ಕಷ್ಟ ಏನಿಲ್ಲ ಗುರು, ಕೈಯಲ್ಲೇ ಹಾಕಬಹುದು.

10,000 ಘನ ಮೀಟರ್‌ಗೆ 5 ಗ್ರಾಂ ಅಂದ್ರೆ ಗಂಟೆಗೆ 50 ಕೆಜಿ. ಒಂದು ಬೆಡ್ 4 ಗಂಟೆ ಹಿಡಿಬೇಕು ಅಂದ್ಕೊಂಡ್ರೆ 200 ಕೆಜಿ. ಕಾರ್ಬನ್ ತನ್ನ ತೂಕದ ಶೇ. 25-30 ಹಿಡಿಯುತ್ತೆ ಅಂತ ಬ್ರೋಶರ್‌ನಲ್ಲಿ ಇರುತ್ತೆ, ಅದು ಫುಲ್ ಸ್ಯಾಚುರೇಶನ್. ಸ್ಟೀಮ್ ಕೊಟ್ಟಾಗ ಎಲ್ಲಾ ಬಿಡಲ್ಲ, ಒಂದಷ್ಟು ಒಳಗೇ ಉಳ್ಕೊಳುತ್ತೆ, ಅದಕ್ಕೆ ಹೀಲ್ ಅಂತಾರೆ. ಸೈಕಲ್‌ಗೆ ಶೇ. 10 ಅಂತ ಹಿಡ್ಕೊಂಡು ಡಿಸೈನ್ ಮಾಡಿದ್ರೆ ನಿದ್ದೆ ಬರುತ್ತೆ. ಅಂದ್ರೆ ಒಂದು ಬೆಡ್‌ಗೆ 2,000 ಕೆಜಿ ಕಾರ್ಬನ್, ಘನ ಮೀಟರ್‌ಗೆ 450 ಕೆಜಿ ತೂಕ ಅಂದ್ರೆ ನಾಲ್ಕೂವರೆ ಘನ ಮೀಟರ್ ಹತ್ರ. ಗಾಳಿ ವೇಗ ಸೆಕೆಂಡಿಗೆ 0.35 ಮೀಟರ್ ಇಟ್ರೆ 8 ಚದರ ಮೀಟರ್ ಅಡ್ಡಗಲ ಬೇಕು, ಆಳ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸಪ್ಲೈಯರ್ ಇದಕ್ಕಿಂತ ಅರ್ಧ ಸೈಜ್ ತೋರಿಸಿದ್ರೆ ಕಾರಣ ಬರೆಸ್ಕೊಳ್ಳಿ.

ಈಗ ಮುಖ್ಯ ವಿಷಯ. ಒಂದು ಕೆಜಿ ಸಾಲ್ವೆಂಟ್ ಬಿಡಿಸಕ್ಕೆ 3ರಿಂದ 5 ಕೆಜಿ ಸ್ಟೀಮ್ ಬೇಕು. 200 ಕೆಜಿಗೆ 800 ಕೆಜಿ ಅಂತ ಇಟ್ಕೊಳ್ಳಿ. ಕಂಡೆನ್ಸರ್‌ನಲ್ಲಿ ಎರಡೂ ದ್ರವ ಆಗಿ ಡಿಕ್ಯಾಂಟರ್‌ಗೆ (ನೀರು, ಸಾಲ್ವೆಂಟ್ ಪದರ ಬೇರೆ ಆಗೋ ಟ್ಯಾಂಕ್) ಬರುತ್ತೆ. ಟೊಲುಯೀನ್ ಆಗಿದ್ರೆ ಲೀಟರ್ ನೀರಿಗೆ ಅರ್ಧ ಗ್ರಾಂ ಕರಗುತ್ತೆ ಅಷ್ಟೇ, 800 ಲೀಟರ್‌ನಲ್ಲಿ ಹೋಗೋದು 400 ಗ್ರಾಂ, ಮಿಕ್ಕಿದ್ದು ಮೇಲೆ ತೇಲುತ್ತೆ, ತೆಗೆದು ಉಪಯೋಗ್ಸಿ. ಈಥೈಲ್ ಅಸಿಟೇಟ್ ನೀರಲ್ಲಿ ಶೇ. 8ರ ತನಕ ಕರಗುತ್ತೆ. 800 ಲೀಟರ್ ನೀರು 64 ಕೆಜಿ ನುಂಗಿ ಕೂತ್ಕೊಳುತ್ತೆ! ಅಂದ್ರೆ ನಿಮ್ಮ 200ರಲ್ಲಿ ಮೂರನೇ ಒಂದು ಭಾಗ ಇಟಿಪಿಗೆ (ಕೊಳಚೆ ನೀರು ಶುದ್ಧ ಮಾಡೋ ಘಟಕ). ಅದನ್ನ ವಾಪಸ್ ತೆಗಿಬೇಕು ಅಂದ್ರೆ ಸ್ಟ್ರಿಪ್ಪಿಂಗ್ ಕಾಲಂ (ನೀರಿಂದ ಸಾಲ್ವೆಂಟ್‌ನ ಕುದಿಸಿ ಎಬ್ಬಿಸೋ ಗೋಪುರ) ಬೇಕು, ಅಲ್ಲಿ ಶೇ. 8.5 ನೀರಿನ ಜೊತೆ ಅಜಿಯೋಟ್ರೋಪ್ ಆಗಿ 70 ಡಿಗ್ರಿಗೆ ಒಟ್ಟಿಗೇ ಕುದಿಯುತ್ತೆ, ಬರೀ ಕುದಿಸಿ ಬೇರೆ ಮಾಡಕ್ಕಾಗಲ್ಲ. ಮೇಲೆ ತೇಲೋ ಪದರದಲ್ಲೂ ಶೇ. 3ರ ಹತ್ರ ನೀರಿರುತ್ತೆ.

ಸಾಲದು ಅಂತ ಬಿಸಿ ಕಾರ್ಬನ್ ಮೇಲೆ ಸ್ಟೀಮ್ ತಾಗಿದಾಗ ಈಥೈಲ್ ಅಸಿಟೇಟ್ ಸ್ವಲ್ಪ ಒಡೆದು ಅಸಿಟಿಕ್ ಆಸಿಡ್ ಮತ್ತು ಆಲ್ಕೋಹಾಲ್ ಆಗುತ್ತೆ. ಮೈಲ್ಡ್ ಸ್ಟೀಲ್ ಬೆಡ್ ಆದ್ರೆ ಸಪೋರ್ಟ್ ಜಾಲರಿನೇ ತಿಂದು ಹಾಕುತ್ತೆ. ಸ್ಟೀಮ್ ಸಿಸ್ಟಂನೇ ತಗೋತೀರಿ ಅಂದ್ರೆ ಒದ್ದೆ ಆಗೋ ಜಾಗ ಎಲ್ಲಾ 316ಎಲ್ ಸ್ಟೇನ್‌ಲೆಸ್ ಇರಲಿ.

ರೈನ್ ತೀರ:
ಇಲ್ಲಿ ಜರ್ಮನಿಯಲ್ಲಿ ಎರಡು ಥರದ್ದೂ ಪ್ಲಾಂಟ್ ಒಳಗೆ ಕೆಲಸ ಮಾಡಿದ್ದೀನಿ, ಅದಕ್ಕೆ ಬರೀತಿದ್ದೀನಿ. ಮ್ಯಾಗಜಿನ್ ಕ್ಯಾಟಲಾಗ್ ಛಾಪಿಸೋ ದೊಡ್ಡ ಗ್ರಾವ್ಯೂರ್ ಪ್ರೆಸ್‌ಗಳಲ್ಲಿ ಬರೀ ಟೊಲುಯೀನ್. ಅಲ್ಲಿ ಸ್ಟೀಮ್ ರೀಜನರೇಶನ್ ಅದ್ಭುತವಾಗಿ ನಡೆಯುತ್ತೆ, ಪ್ರೆಸ್ ಹಾಲ್ ಇಡೀ ಮುಚ್ಚಿರುತ್ತೆ, ವಾಪಸ್ ಬಂದ ಟೊಲುಯೀನ್ ಇಂಕ್ ಕಂಪನಿಗೇ ಮಾರ್ತಾರೆ. ಯೂರೋಪಿನ ಕಾನೂನು ಕೂಡ ಮೇಡಂ ಹೇಳಿದ ಥರಾನೇ ಎರಡು ಕಡೆಯಿಂದ ಹಿಡಿಯುತ್ತೆ. 2010ರ ಕೈಗಾರಿಕಾ ಹೊರಸೂಸುವಿಕೆ ನಿರ್ದೇಶನದಲ್ಲಿ ಈ ಪ್ರೆಸ್‌ಗಳ ಚಿಮಣಿಗೆ ಘನ ಮೀಟರ್‌ಗೆ 75 ಮಿಲಿಗ್ರಾಂ ಕಾರ್ಬನ್ ಮಿತಿ, ಅದರ ಜೊತೆಗೆ ಸೋರಿಕೆಗೆ ಬೇರೆ ಮಿತಿ, ಹೊಸ ಪ್ಲಾಂಟ್‌ಗೆ ಒಟ್ಟು ಸಾಲ್ವೆಂಟ್‌ನ ಶೇ. 10, ಹಳೇದಕ್ಕೆ 15. ಆ ಎರಡನೇದು ಇಲ್ಲದಿದ್ರೆ ಮೊದಲನೇದಕ್ಕೆ ಬೆಲೆ ಇಲ್ಲ.

ಫ್ಲೆಕ್ಸಿಬಲ್ ಪ್ಯಾಕೇಜಿಂಗ್‌ಗೆ ಬಂದ್ರೆ ಈಥೈಲ್ ಅಸಿಟೇಟ್, ಅಲ್ಲಿ ರಿಕವರಿ ಮಾಡೋರು ಸ್ಟೀಮ್ ಬಿಟ್ಟು ಬಿಸಿ ನೈಟ್ರೋಜನ್ ಬಳಸ್ತಾರೆ. ನೈಟ್ರೋಜನ್ ಕ್ಲೋಸ್ಡ್ ಲೂಪ್‌ನಲ್ಲಿ ಬಿಸಿಯಾಗಿ ಬೆಡ್ ಒಳಗೆ ಹೋಗಿ, ಸಾಲ್ವೆಂಟ್ ಎತ್ಕೊಂಡು ಬಂದು, ಚಿಲ್ಲರ್‌ನಲ್ಲಿ ತಣ್ಣಗಾಗಿ ಸಾಲ್ವೆಂಟ್ ಬಿಟ್ಟು ಮತ್ತೆ ಬಿಸಿಯಾಗಕ್ಕೆ ಹೋಗುತ್ತೆ. ಕಾರ್ಬನ್ ಗಾಳಿಯಿಂದ ಹೀರಿದ ತೇವ ಮಾತ್ರ ಜೊತೆಗೆ ಬರುತ್ತೆ, ಅದನ್ನ ಮಾಲಿಕ್ಯುಲರ್ ಸೀವ್‌ನಲ್ಲಿ (ನೀರಿನ ಅಣು ಹಿಡ್ಕೊಳ್ಳೋ ಸೂಕ್ಷ್ಮ ರಂಧ್ರದ ಕಾಳು) ತೆಗೀತಾರೆ. ದುಡ್ಡು ಜಾಸ್ತಿ ಬೀಳುತ್ತೆ, ಆದ್ರೆ ಇಟಿಪಿಗೆ ಹೋಗೋ ನೀರು ತೀರಾ ಕಮ್ಮಿ, ಆಸಿಡ್ ತಲೆನೋವೂ ಕಮ್ಮಿ.

ನಿಮ್ಮ ಜಾಗದಲ್ಲಿ ನಾನಿದ್ರೆ ಲ್ಯಾಮಿನೇಟರ್ ಒಂದನ್ನೇ ರಿಕವರಿಗೆ ತಗೋತಿದ್ದೆ. ಒಂದೇ ಸಾಲ್ವೆಂಟ್, ಇಂಕ್ ಮಂಜು ಇಲ್ಲ, ಐಪಿಎ ಇಲ್ಲ. ಪ್ರೆಸ್ ಗಾಳಿನ ಅದಕ್ಕೆ ಸೇರಿಸಬೇಡಿ.

ಇದ್ದಿಲು ತಿಪಟೂರು:
ಸೇರಿಸಬೇಡಿ ಅನ್ನೋದಕ್ಕೆ ಕಾರ್ಬನ್ ಕಡೆಯಿಂದಲೂ ಕಾರಣ ಇದೆ. ಬೆಡ್‌ನಲ್ಲಿ ಎಲ್ಲಾ ಸಾಲ್ವೆಂಟ್‌ಗೂ ಒಂದೇ ಮರ್ಯಾದೆ ಸಿಗಲ್ಲ. ಭಾರದ್ದು, ಜಾಸ್ತಿ ಕುದಿಬಿಂದು ಇರೋದು ಬಂದ್ರೆ ಮೊದ್ಲೇ ಕೂತಿದ್ದ ಹಗುರ ಸಾಲ್ವೆಂಟ್‌ನ ಎಬ್ಬಿಸಿ ತಾನು ಕೂರುತ್ತೆ. ಪ್ರೊಪೈಲ್ ಅಸಿಟೇಟ್ ಬಂತು ಅಂದ್ರೆ ಐಪಿಎ, ಈಥೈಲ್ ಅಸಿಟೇಟ್ ಮುಂದೆ ಮುಂದೆ ತಳ್ಕೊಂಡು ಹೋಗಿ ಚಿಮಣಿಯಿಂದ ಮೊದ್ಲು ಹೊರಗೆ ಬರುತ್ತೆ, ಕೆಲವು ಹೊತ್ತು ಒಳಗೆ ಬಂದಿದ್ದಕ್ಕಿಂತ ಹೊರಗೆ ಹೋಗೋದೇ ಜಾಸ್ತಿ ಇರುತ್ತೆ. ಇಂಕ್‌ನಲ್ಲಿ ಪ್ಲಾಸ್ಟಿಸೈಸರ್, ಗ್ಲೈಕಾಲ್ ಈಥರ್ ಇದ್ರಂತೂ ಅವು ಕೂತ್ರೆ ಏಳೋದೇ ಇಲ್ಲ, ಬೆಡ್ ವರ್ಷದಿಂದ ವರ್ಷಕ್ಕೆ ಕುಗ್ಗುತ್ತೆ.

ಕಾರ್ಬನ್ ತಗೋವಾಗ ಅಯೋಡಿನ್ ನಂಬರ್ (ಕಾರ್ಬನ್ ಎಷ್ಟು ಅಯೋಡಿನ್ ಹಿಡಿಯುತ್ತೆ ಅನ್ನೋ ಅಳತೆ) ಒಂದನ್ನೇ ನೋಡಿ ತಗೋಬೇಡಿ, ಅದು ನೀರಿನ ಕೆಲ್ಸಕ್ಕೆ ಹೇಳೋ ನಂಬರ್. ಆವಿ ಕೆಲ್ಸಕ್ಕೆ ಸಿಟಿಸಿ ನಂಬರ್ (ಕಾರ್ಬನ್ ಟೆಟ್ರಾಕ್ಲೋರೈಡ್ ಆವಿನ ತನ್ನ ತೂಕದ ಶೇ. ಎಷ್ಟು ಹಿಡಿಯುತ್ತೆ ಅನ್ನೋದು) ಅಥವಾ ಬ್ಯುಟೇನ್ ಟೆಸ್ಟ್ ಕೇಳಿ, ಸಿಟಿಸಿ 60 ಮೇಲಿರಲಿ. ಗಟ್ಟಿತನ ಶೇ. 95 ಮೇಲೆ, ಇಲ್ಲಾಂದ್ರೆ ಪುಡಿಯಾಗಿ ಪ್ರೆಶರ್ ಡ್ರಾಪ್ ಏರುತ್ತೆ. 3 ಅಥವಾ 4 ಮಿಲಿಮೀಟರ್ ಪೆಲೆಟ್ ಒಳ್ಳೇದು.

ನಮ್ಮೂರ ಕಡೆಯ ಕರಟ ಇದಕ್ಕೆ ಹೇಳಿ ಮಾಡಿಸಿದ ಮಾಲು. ತೆಂಗಿನ ಕರಟದ ಕಾರ್ಬನ್‌ನಲ್ಲಿ ರಂಧ್ರ ಬಹುಪಾಲು 2 ನ್ಯಾನೋಮೀಟರ್‌ಗಿಂತ ಚಿಕ್ಕದು, ಒಂದು ಗ್ರಾಂಗೆ 1,000 ಚದರ ಮೀಟರ್ ಹತ್ರ ಮೇಲ್ಮೈ, ಸಾಲ್ವೆಂಟ್ ಅಣು ಎರಡು ಗೋಡೆ ಮಧ್ಯೆ ಸಿಕ್ಕಿ ಹಾಕ್ಕೊಳುತ್ತೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ಅಮೆರಿಕದವ್ರು ಇದೇ ಕರಟ, ಪೀಚ್ ಬೀಜದ ಚಿಪ್ಪು ಎಲ್ಲಾ ಜನರಿಂದ ಕೂಡಿಸಿ ಕಾರ್ಬನ್ ಮಾಡಿದ್ರು, ಯುದ್ಧ ಮುಗಿದ ಮೇಲೆ ಆ ತಿಳುವಳಿಕೆ ಸಾಲ್ವೆಂಟ್ ರಿಕವರಿಗೆ ಬಂತು. ಒಂದು ಮಾತು ಹೇಳ್ಲೇಬೇಕು. ಕರಟನ ಬರೀ ಗುಂಡಿಲಿ ಹಾಕಿ ಸುಟ್ರೆ ಕಾಲು ಭಾಗ ಇದ್ದಿಲು, ಮಿಕ್ಕಿದ್ದೆಲ್ಲಾ ಹೊಗೆ ಟಾರು ಆಗಿ ತೋಟದ ಮನೆಗಳ ಮೇಲೆ ಬೀಳುತ್ತೆ. ನಿಮ್ಮ ಚಿಮಣಿ ಕ್ಲೀನ್ ಮಾಡಕ್ಕೆ ನಮ್ಮ ಹಳ್ಳಿ ಹೊಗೆ ಕುಡಿಬಾರ್ದು ಅಲ್ವಾ? ಹೊಗೆನ ಅಲ್ಲೇ ಉರಿಸಿ ಶಾಖ ಬಳಸ್ಕೊಳ್ಳೋ ಗೂಡಿನವ್ರ ಹತ್ರ ಇದ್ದಿಲು ತಗೊಳ್ತೀರಾ ಅಂತ ಕಾರ್ಬನ್ ಕಂಪನಿಗೆ ಕೇಳಿ. ಕೊಳ್ಳೋರು ಕೇಳಿದ್ರೇನೇ ಬದಲಾಗೋದು.

ಬೀದರ್ ಬಲ್ಕ್ ಡ್ರಗ್:
ನಮಸ್ಕಾರ ರೀ ಎಲ್ಲಾರಿಗೂ. ನಮ್ಮ ಲೈನ್ ಬ್ಯಾರೆ, ಔಷಧಿ ಕಚ್ಚಾ ಮಾಲ್, ಆದ್ರ ಕಾರ್ಬನ್ ವಿಷಯ ಬಂತು ಅಂತ ಬರಿಯಾಕತ್ತೀನಿ. ಒಂದ್ ಫ್ಯಾಕ್ಟರಿ ಒಳಗ ನೋಡಿದ್ದು, ಯಾವ್ದಂತ ಹೇಳಂಗಿಲ್ಲ. ರಿಯಾಕ್ಟರ್ ವೆಂಟಿಗೆ 200 ಲೀಟರ್ ಡ್ರಮ್ಮಿನ್ಯಾಗ ಕಾರ್ಬನ್ ತುಂಬಿ ಕೂಡಿಸ್ಯಾರ, ಮ್ಯಾಲ ಬೋರ್ಡ್ ಅದ, ಕಾರ್ಬನ್ ವರ್ಷಕ್ಕೊಮ್ಮೆ ಚೇಂಜ್. ರಿಯಾಕ್ಟರ್‌ನ್ಯಾಗ ಇರೋದು ಡಿಸಿಎಂ, ಅಂದ್ರ ಡೈಕ್ಲೋರೋಮೀಥೇನ್, 40 ಡಿಗ್ರಿಗೇ ಕುದೀತದ.

ನೀವ ಲೆಕ್ಕ ಹಾಕ್ರಿ. ಮೈನಸ್ 15 ಡಿಗ್ರಿ ಬ್ರೈನ್ (ಥಂಡ ಉಪ್ಪುನೀರು) ಕಂಡೆನ್ಸರ್ ದಾಟಿ ಬಂದ್ರೂ ಗಾಳ್ಯಾಗ ಶೇ. 8ರ ಮ್ಯಾಲ ಡಿಸಿಎಂ ಇರ್ತದ, ಅಂದ್ರ ಘನ ಮೀಟರಿಗೆ ಸುಮಾರು 300 ಗ್ರಾಂ. ವೆಂಟಿನಿಂದ ತಾಸಿಗೆ 10 ಘನ ಮೀಟರ್ ನೈಟ್ರೋಜನ್ ಹೊಂಟದ ಅಂದ್ರ 3 ಕೆಜಿ. ಡ್ರಮ್ಮಿನ್ಯಾಗ 80 ಕೆಜಿ ಕಾರ್ಬನ್, ಶೇ. 20 ಹಿಡೀತು ಅಂದ್ರೂ 16 ಕೆಜಿ. ಐದಾರು ತಾಸಿನ್ಯಾಗ ಡ್ರಮ್ ತುಂಬಿ ಹೋತು, ವರ್ಷದಾಗ ಉಳಿದ ದಿನಾ ಎಲ್ಲಾ ಅದು ಬರೇ ಪೈಪ್ ಇದ್ದಂಗ.

ಇನ್ನ ಮೀಟರ್ ಕಥಿ ಕೇಳ್ರಿ. ಔಟ್‌ಲೆಟ್‌ಗೆ ಪಿಐಡಿ (ಯುವಿ ದೀಪದಿಂದ ಆವಿ ಅಯಾನ್ ಮಾಡಿ ಅಳಿಯೋ ಮೀಟರ್) ಹಿಡದ್ರ ಝೀರೋ ತೋರಸ್ತಿತ್ತು, ಎಲ್ಲಾರೂ ಖುಷಿ. ಪಿಐಡಿ ಒಳಗಿನ ದೀಪ 10.6 ಎಲೆಕ್ಟ್ರಾನ್ ವೋಲ್ಟಿಂದು. ಡಿಸಿಎಂ ಅಯಾನ್ ಆಗ್ಬೇಕಂದ್ರ 11.3 ಬೇಕು. ಆ ದೀಪಕ್ಕ ಡಿಸಿಎಂ ಕಾಣಂಗೇ ಇಲ್ಲ ರೀ, 11.7 ದೀಪ ಹಾಕ್ಬೇಕು. ಮೆಥನಾಲ್‌ದೂ ಹಂಗ, 10.85. ಮೆಥನಾಲ್ ಅಂತೂ ಕಾರ್ಬನ್ ಮ್ಯಾಲೂ ಛಲೋ ನಿಲ್ಲಂಗಿಲ್ಲ. ಹೆಲ್ಪರ್ ಹುಡುಗ್ರು ಆ ವೆಂಟಿನ ಬಾಜೂಕ ನಿಂತು ಡ್ರಮ್ ಉಳ್ಳಸ್ತಿದ್ರು, ಅದು ಇವತ್ತಿಗೂ ನನಗ ಸಂಕಟ ಆಗ್ತದ.

ಪ್ರೆಸ್‌ಲೈನ್ ಸರ್, ನಿಮ್ಮ ಈಥೈಲ್ ಅಸಿಟೇಟ್ 10.0, ಹಂಗಾಗಿ 10.6 ದೀಪಕ್ಕ ಕಾಣತದ. ಔಟ್‌ಲೆಟ್‌ಗೆ ಒಂದು ಮೀಟರ್ ಕಾಯಂ ಕೂಡಿಸ್ರಿ. ಟೈಮರ್ ಮ್ಯಾಲ ಬೆಡ್ ಬದಲಿ ಮಾಡೂದು ಬ್ಯಾಡ, ಮೀಟರ್ ಏರಾಕ ಸುರು ಆದ ಕೂಡ್ಲೇ ಬದಲಿ ಆಗ್ಬೇಕು.

ಕರಾವಳಿ ಸೇಫ್ಟಿ:
ಇಷ್ಟು ಹೊತ್ತು ಯಾರೂ ಬೆಂಕಿ ಬಗ್ಗೆ ಹೇಳ್ಲಿಲ್ಲ ಮಾರಾಯ್ರೆ. ಪ್ರೆಸ್ ಗಾಳಿಯಲ್ಲಿ ಎಂಇಕೆ ಉಂಟು ಅಂತ ಬರ್ದಿದ್ದೀರಿ. ಕೀಟೋನ್‌ಗಳು, ಎಂಇಕೆ, ಸೈಕ್ಲೋಹೆಕ್ಸನೋನ್ ಇಂಥದ್ದೆಲ್ಲ ಕಾರ್ಬನ್ ಮೇಲೆ ಕೂತು ನಿಧಾನಕ್ಕೆ ಆಕ್ಸಿಡೈಸ್ ಆಗ್ತವೆ, ಬಿಸಿ ಹುಟ್ತದೆ. ಗಾಳಿ ಚೆನ್ನಾಗಿ ಓಡ್ತಿದ್ರೆ ಆ ಬಿಸಿ ಹೋಗ್ತದೆ. ಶನಿವಾರ ಸಂಜೆ ಮೆಷಿನ್ ನಿಲ್ಲಿಸಿ, ಸಾಲ್ವೆಂಟ್ ತುಂಬಿದ ಬೆಡ್ಡನ್ನು ಹಾಗೇ ಬಿಟ್ಟು ಹೋದ್ರೆ, ಡ್ಯಾಂಪರ್ ಸಂದಿಯಲ್ಲಿ ಸ್ವಲ್ಪ ಸ್ವಲ್ಪ ಗಾಳಿ ನುಗ್ತಾ ಇದ್ರೆ, ಉರಿಲಿಕ್ಕೆ ಬೇಕಾದಷ್ಟು ಆಮ್ಲಜನಕ ಉಂಟು, ತಣ್ಣಗಾಗ್ಲಿಕ್ಕೆ ಬೇಕಾದಷ್ಟು ಗಾಳಿ ಇಲ್ಲ. ಬೆಡ್ ನಡುವಲ್ಲಿ ಒಂದು ಕಡೆ ಮಾತ್ರ ಕೆಂಪಗೆ ಆಗ್ತದೆ. ಅರ್ಧ ಮೀಟರ್ ಆಚೆ ಇರುವ ಥರ್ಮೋಕಪಲ್‌ಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಒಳಗೆ ಬರುವ ಗಾಳಿಗೂ ಹೊರಗೆ ಹೋಗುವ ಗಾಳಿಗೂ ಕಾರ್ಬನ್ ಮೊನಾಕ್ಸೈಡ್ ಮೀಟರ್ ಬೇಕು, ಎರಡರ ವ್ಯತ್ಯಾಸ ಏರಿದ್ರೆ ಒಳಗೆ ಸುಡ್ತಾ ಉಂಟು ಅಂತ ಲೆಕ್ಕ. ಮೆಷಿನ್ ನಿಲ್ಲಿಸುವ ಮೊದಲು ಬೆಡ್ ರೀಜನರೇಟ್ ಮಾಡ್ಲೇಬೇಕು. ಮೇಲಿಂದ ನೀರು ಮುಳುಗಿಸುವ ಲೈನ್ ಇರಲಿ, ಆ ನೀರಿನ ಭಾರ ಹೊರುವಷ್ಟು ಫೌಂಡೇಶನ್ ಗಟ್ಟಿ ಇರಲಿ, ಇದನ್ನು ಸಿವಿಲ್‌ನವರಿಗೆ ಹೇಳ್ಲಿಕ್ಕೆ ಮರಿಬೇಡಿ. ರಿಪೇರಿಗೆ ಬೆಡ್ ಒಳಗೆ ಇಳಿಯುವವರಿಗೆ ಇನ್ನೊಂದು ಮಾತು, ಒದ್ದೆ ಕಾರ್ಬನ್ ಗಾಳಿಯ ಆಮ್ಲಜನಕವನ್ನೇ ಹೀರ್ತದೆ, ನೈಟ್ರೋಜನ್ ಸಿಸ್ಟಂ ಆದ್ರೆ ಕೇಳುವುದೇ ಬೇಡ. ಮೀಟರ್ ಹಾಕಿ ನೋಡದೆ, ಹೊರಗೆ ಒಬ್ಬ ನಿಲ್ಲದೆ ಯಾರನ್ನೂ ಇಳಿಸ್ಬೇಡಿ.

ಡಕ್ಟ್‌ನಲ್ಲಿ ಸಾಲ್ವೆಂಟ್ ಎಲ್‌ಇಎಲ್‌ನ (ಬೆಂಕಿ ಹತ್ತಲಿಕ್ಕೆ ಗಾಳಿಯಲ್ಲಿ ಬೇಕಾದ ಕನಿಷ್ಠ ಪ್ರಮಾಣ) ಕಾಲು ಭಾಗ ದಾಟಬಾರದು. ನಿಮ್ಮ 5 ಗ್ರಾಂ ಅದಕ್ಕಿಂತ ಎಷ್ಟೋ ಕೆಳಗೆ ಉಂಟು, ಆದ್ರೆ ಗಾಳಿ ಕಮ್ಮಿ ಮಾಡಿ ಕಾನ್ಸಂಟ್ರೇಶನ್ ಏರಿಸಿದ್ರೆ ರಿಕವರಿ ಸುಲಭ ಅಂತ ಸಪ್ಲೈಯರ್ ಹೇಳಬಹುದು. ನಿಜವೇ, ಎಲ್‌ಇಎಲ್ ಮೀಟರ್ ಮತ್ತು ಇಂಟರ್‌ಲಾಕ್ ಹಾಕಿದ ಮೇಲೆ ಮಾತ್ರ.

ಪ್ರೆಸ್‌ಲೈನ್:
ಇಷ್ಟೊಂದು ಬರೆದಿದ್ದಕ್ಕೆ ಎಲ್ರಿಗೂ ಕೈ ಮುಗೀತೀನಿ. ಟಿಶ್ಯೂ ಹಿಡಿದು ನೋಡಿದ್ವಿ ಮೇಡಂ, ಲ್ಯಾಮಿನೇಟರ್ ಪರವಾಗಿಲ್ಲ, ಎರಡೂ ಸೀಳಲ್ಲಿ ಒಳಕ್ಕೇ ಎಳೀತಿದೆ. ಹಳೇ ಪ್ರೆಸ್‌ನಲ್ಲಿ ಕೊನೆ ಎರಡು ಯೂನಿಟ್ ಹೊರಕ್ಕೆ ಊದ್ತಿದೆ, ಅಲ್ಲಿ ನಿಂತ್ಕೊಳ್ಳೋ ಆಪರೇಟರ್ ತಲೆನೋವು ಅಂತ ಯಾವಾಗ್ಲೂ ಹೇಳೋನು, ಈಗ ಯಾಕೆ ಅಂತ ಗೊತ್ತಾಯ್ತು. ಡ್ಯಾಂಪರ್ ಸರಿ ಮಾಡಿಸ್ತಿದ್ದೀವಿ.

ಎರಡು ಪ್ರಶ್ನೆ. ವಾಪಸ್ ಬಂದ ಈಥೈಲ್ ಅಸಿಟೇಟ್‌ನ ಅಡ್ಹೆಸಿವ್‌ಗೇ ಹಾಕಬಹುದಾ? ಪ್ರೆಸ್ ಗಾಳಿಗೆ ಏನು ಮಾಡೋದು, ಅದನ್ನ ಹಂಗೇ ಬಿಡಕ್ಕಾಗಲ್ಲ.

ಬಾಯ್ಲರ್ ಮನೆ:
ಅಡ್ಹೆಸಿವ್ ಪಾಲಿಯುರೆಥೇನ್ ತಾನೆ? ಅದ್ರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ, ನೀರು ಸಿಕ್ರೆ ಫಿಲ್ಮ್ ಜೊತೆ ರಿಯಾಕ್ಟ್ ಆಗೋ ಬದಲು ನೀರಿನ ಜೊತೆ ಆಗುತ್ತೆ, ಕಾರ್ಬನ್ ಡೈಆಕ್ಸೈಡ್ ಗುಳ್ಳೆ, ಬಾಂಡ್ ವೀಕ್. ಆಲ್ಕೋಹಾಲ್ ಇದ್ರೂ ಅದೇ ಪಾಡು. ಯುರೆಥೇನ್ ಗ್ರೇಡ್‌ಗೆ ನೀರು ಶೇ. 0.05ರ ಒಳಗೆ ಇರ್ಬೇಕು. ಅಂದ್ರೆ 3ಎ ಮಾಲಿಕ್ಯುಲರ್ ಸೀವ್ ದಾಟಿಸಿ, ಪ್ರತಿ ಬ್ಯಾಚ್ ಕಾರ್ಲ್ ಫಿಶರ್ ಟೆಸ್ಟ್ (ನೀರಿನ ಅಂಶ ಅಳೆಯೋದು) ಮಾಡಿ, ಪಾಸಾದ್ರೆ ಅಡ್ಹೆಸಿವ್‌ಗೆ. ಫೇಲಾದ್ರೆ ಸಿಲಿಂಡರ್ ವಾಶಿಂಗ್‌ಗೆ. ಸ್ಟೀಮ್ ಸಿಸ್ಟಂನಲ್ಲಿ ಆ ಪ್ಯೂರಿಟಿಗೆ ತರೋದು ದೊಡ್ಡ ಕೆಲ್ಸ, ನೈಟ್ರೋಜನ್ ಅಂತ ರೈನ್ ತೀರದವ್ರು ಹೇಳಿದ್ದಕ್ಕೆ ನನ್ನ ಓಟು ಇಲ್ಲಿಗೇ ಬೀಳೋದು.

ಪ್ರೆಸ್ ಮಿಕ್ಸ್ ಗಾಳಿಗೆ ಆರ್‌ಟಿಒ (ರೀಜನರೇಟಿವ್ ಥರ್ಮಲ್ ಆಕ್ಸಿಡೈಸರ್, ಸಾಲ್ವೆಂಟ್ ಆವಿ ಸುಡೋ ಕುಲುಮೆ). 800 ಡಿಗ್ರಿ ಮೇಲೆ ಉರಿಸಿ ಸೆರಾಮಿಕ್ ಬೆಡ್‌ನಲ್ಲಿ ಶಾಖ ಶೇ. 95 ಹಿಡಿದಿಡುತ್ತೆ, ಘನ ಮೀಟರ್‌ಗೆ ಒಂದೂವರೆ ಎರಡು ಗ್ರಾಂ ಸಾಲ್ವೆಂಟ್ ಇದ್ರೆ ಬೇರೆ ಇಂಧನ ಹೆಚ್ಚುಕಮ್ಮಿ ಬೇಡ. ಮಿಕ್ಕ ಶಾಖ ಥರ್ಮಿಕ್ ಫ್ಲುಯಿಡ್‌ಗೆ (ಶಾಖ ಸಾಗಿಸೋ ಎಣ್ಣೆ) ಕೊಟ್ಟು ಡ್ರೈಯರ್ ಓಡಿಸಬಹುದು.

ಇದ್ದಿಲು ತಿಪಟೂರು:
ಉರಿಸೋದು ಅಂದ್ರೆ ದುಡ್ಡು ಸುಟ್ಟಂಗೆ ಅಂತ ನನಗೆ ಮೊದ್ಲಿಂದ ಅನ್ಸುತ್ತೆ. ಆದ್ರೆ ನಾಲ್ಕು ಸಾಲ್ವೆಂಟ್ ಬೆರೆತಿದ್ದನ್ನ ಬೇರೆ ಮಾಡಕ್ಕೆ ಡಿಸ್ಟಿಲೇಶನ್‌ನಲ್ಲಿ ಸುಡೋ ಸ್ಟೀಮೂ ಉರಿಯೇ ಅಲ್ವಾ. ಇಂಕ್ ಕಂಪನಿ ಜೊತೆ ಕೂತು ಐಪಿಎ, ಎಂಇಕೆ ತೆಗೆದು ಬರೀ ಅಸಿಟೇಟ್ ಇಂಕ್‌ಗೆ ಬರಕ್ಕಾದ್ರೆ ಆಗ ಪ್ರೆಸ್ ಗಾಳಿನೂ ಕಾರ್ಬನ್‌ಗೆ ತರಬಹುದು. ಅದಕ್ಕೆ ಜಾಗ ಬಿಟ್ಟು ಲೇಔಟ್ ಮಾಡಿ.

ಸ್ಟ್ಯಾಕ್ ಸ್ಯಾಂಪಲ್:
ತೇವದ ಬಗ್ಗೆ ಒಂದು ಸೇರಿಸ್ತೀನಿ. ಜೂನ್‌ನಿಂದ ಅಕ್ಟೋಬರ್ ತನಕ ಒಳಗೆ ಹೋಗೋ ಗಾಳಿಯ ಆರ್ದ್ರತೆ ಶೇ. 50 ದಾಟಿದ್ರೆ ನೀರೇ ರಂಧ್ರ ತುಂಬ್ಕೊಳುತ್ತೆ, ಬೆಡ್ ಬೇಗ ಸೋರುತ್ತೆ. ಡ್ರೈಯರ್ ಗಾಳಿನ 40 ಡಿಗ್ರಿ ಒಳಗೆ ತಣ್ಣಗೆ ಮಾಡೋವಾಗ ಆರ್ದ್ರತೆ ಏರುತ್ತೆ, ಎರಡನ್ನೂ ಒಟ್ಟಿಗೆ ನೋಡ್ಬೇಕು. ಗ್ಯಾರಂಟಿ ಟೆಸ್ಟ್ ಮಳೆಗಾಲದಲ್ಲೇ ಆಗ್ಬೇಕು ಅಂತ ಆರ್ಡರ್‌ನಲ್ಲಿ ಬರೆಸಿ. ಜನವರಿಲಿ ಮಾಡಿದ ಟೆಸ್ಟ್‌ನ ನಂಬಬೇಡಿ.

ಬೆಡ್ ಕಾರ್ಬನ್ ಸವೆದ ಮೇಲೆ ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತೆ, ಮೊದಲ ಅನುಸೂಚಿಯ 36.2, ಬಳಸಿ ಬಿಟ್ಟ ಕಾರ್ಬನ್. ಗುಜರಿಯವ್ರಿಗೆ ಚೀಲ ತುಂಬಿ ಕೊಡೋ ಹಾಗಿಲ್ಲ. ರೀಆಕ್ಟಿವೇಶನ್‌ಗೆ, ಸಿಮೆಂಟ್ ಗೂಡಿಗೆ ಅಥವಾ ಟಿಎಸ್‌ಡಿಎಫ್‌ಗೆ (ಅಪಾಯಕಾರಿ ತ್ಯಾಜ್ಯ ಸಂಸ್ಕರಿಸಿ ವಿಲೇವಾರಿ ಮಾಡೋ ಜಾಗ), ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಜೊತೆ. ಮಂಡಳಿಗೆ ಕೊಡೋ ಕನ್ಸೆಂಟ್ (ಅನುಮತಿ) ಅರ್ಜಿಲಿ ಈಗ್ಲೇ ಈ ಸಾಲು ಸೇರಿಸ್ಬಿಡಿ, ಆಮೇಲೆ ಸೇರಿಸೋದು ಕಷ್ಟ.

ಡಕ್ಟ್‌ನಲ್ಲಿ ಒಂದೇ ಸಲ ಅಳೆದ 5 ಗ್ರಾಂ ಮೇಲೆ ಆರ್ಡರ್ ಕೊಡಬೇಡಿ ಸರ್. ತೆಳು ಕೋಟಿಂಗ್ ಜಾಬು, ದಪ್ಪ ಕೋಟಿಂಗ್ ಜಾಬು ಎರಡೂ ಓಡೋವಾಗ ಇಡೀ ಶಿಫ್ಟ್ ಎಫ್‌ಐಡಿ (ಆವಿನ ಜ್ವಾಲೆಲಿ ಸುಟ್ಟು ಅಳೆಯೋ ಮೀಟರ್) ಹಾಕಿ ಅಳೆಸಿ, ಗಾಳಿಯ ಆರ್ದ್ರತೆನೂ ಜೊತೆಗೆ ಬರ್ಕೊಳ್ಳಿ. ಆ ಗ್ರಾಫ್ ಬಂದ ಮೇಲೆ ಇಲ್ಲೇ ಹಾಕಿ, ಬಾಯ್ಲರ್ ಮನೆಯವ್ರು ಹಾಕಿದ ಲೆಕ್ಕನ ಆ ನಂಬರ್ ಇಟ್ಟು ಇನ್ನೊಂದು ಸಲ ನೋಡೋಣ.